ವಾಪಸು ಬರದ ಟ್ರಕ್ಕು

ಈ ತಿಂಗಳ ಕೊನೆಗೆ ನಮ್ಮ ಸಂಘದ ಇನ್ನೊಂದು ಸಂಸಾರ ನ್ಯೂಜೆರ್ಸಿ ಬಿಟ್ಟು ಡಲ್ಲಾಸ್‌ಗೆ ಹೊರಟಿದೆ. ಮೊನ್ನೆ ಫೋನಿನಲ್ಲಿ ಆ ಹುಡುಗ, "ಅಂಕಲ್, ಮೂವರ್ಸ್ ಕೇಳೋ ದುಡ್ಡು ನಮ್ಮಿಂದ ಆಗಲ್ಲ. ನಾವೇ ಟ್ರಕ್ ಬಾಡಿಗೆಗೆ ತಗೊಂಡು ಹಿಂದೆ ಕಾರು ಕಟ್ಟಿಕೊಂಡು ಹೋಗೋಣ ಅಂತಿದ್ದೀವಿ. ನೀವೂ ಹಾಗೇ ಹೋಗಿದ್ರಂತಲ್ಲ, ಏನಾದ್ರೂ ಹೇಳಿ" ಎಂದ. ಹೇಳಲು ಕೂತರೆ ನಮಗೆ ಚರಿತ್ರೆಯೇ ನೆನಪಾಯಿತು. ಈ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರೂ ಬೆನ್ನು ಹತ್ತಿದ್ದರು. ಎರಡೂ ಕೆಲಸ ಒಟ್ಟಿಗೇ ಆಗಲಿ ಎಂದು ಇದನ್ನು ಬರೆದಿದ್ದೇವೆ.

ನಾವು ಹಾಗೆ ಮೊದಲು ಹೊರಟದ್ದು 1982ರ ಮೇ ತಿಂಗಳಲ್ಲಿ, ಡೆಟ್ರಾಯಿಟ್‌ನಿಂದ ಹ್ಯೂಸ್ಟನ್‌ಗೆ, ಸುಮಾರು 1300 ಮೈಲಿ. ಡೆಟ್ರಾಯಿಟ್‌ನ ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ ಅದು. ಹ್ಯೂಸ್ಟನ್‌ನಲ್ಲಿ ಎಣ್ಣೆ ಕಂಪನಿಗಳಿವೆ, ಕೆಲಸ ಇದೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ನಮ್ಮ ಕೆಲಸ ಹೋಗಿ ಐದು ತಿಂಗಳಾಗಿತ್ತು, ಮಗುವಿಗೆ ಏಳು ತಿಂಗಳು. ಹೊಸ ಕಡೆಯವರು ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು ಎಂದಿದ್ದರು. ಸಾಮಾನು ಸಾಗಿಸುವ ಖರ್ಚು ಮಾತ್ರ ನಿಮ್ಮದೇ ಎಂದಿದ್ದರು. ಊರಿನಿಂದ ಅಮ್ಮ ಕಾಗದ ಬರೆದಿದ್ದರು: ಹೊರಡುವಾಗ ಚಕ್ರದಡಿ ನಿಂಬೆಹಣ್ಣು ಇಡುವುದನ್ನು ಮರೆಯಬೇಡಿ. ಟ್ರಕ್ಕಿನ ಚಕ್ರಗಳಿಗೆಲ್ಲ ಇಟ್ಟೆವು. ಹಿಂದೆ ಕಟ್ಟಿದ ಕಾರಿಗೆ ಇಡಲಿಲ್ಲ. ಆ ಕಥೆ ಆಮೇಲೆ.

ಈಗ ಯೋಚಿಸಿದರೆ, ಹಾಗೆ ಹೊರಡುವುದು ಸಾಧ್ಯವಾದದ್ದೇ ದೊಡ್ಡ ವಿಷಯ. ಮನೆ ಸಾಮಾನನ್ನು ತಾನೇ ಸಾಗಿಸಿಕೊಳ್ಳುವವನಿಗೆ ಗಾಡಿ ಸಿಗುವುದು ಕಷ್ಟವಲ್ಲ, ಅದನ್ನು ತಂದ ಜಾಗಕ್ಕೆ ವಾಪಸು ಒಯ್ಯುವುದು ಕಷ್ಟ. ಎರಡನೆಯ ಮಹಾಯುದ್ಧಕ್ಕೆ ಮುಂಚೆಯೂ ಅಮೆರಿಕದಲ್ಲಿ ಟ್ರೇಲರ್ ಬಾಡಿಗೆಗೆ ಸಿಗುತ್ತಿತ್ತು, ಆದರೆ ಎಲ್ಲಿಂದ ಒಯ್ದಿರೋ ಅಲ್ಲಿಗೇ ತಂದುಕೊಡಬೇಕು. ಊರನ್ನೇ ಬಿಟ್ಟು ಹೋಗುವವನಿಗೆ ಅದರಿಂದ ಏನು ಪ್ರಯೋಜನ?

1945ರಲ್ಲಿ ಲಿಯೊನಾರ್ಡ್ ಶೋಯೆನ್ ಎಂಬ ಇಪ್ಪತ್ತೊಂಬತ್ತು ವರ್ಷದವನಿಗೆ ಆದದ್ದು ಇದೇ ಪೇಚಾಟ. ನೌಕಾದಳದಿಂದ ಬಿಡುಗಡೆಯಾಗಿ, ಹೆಂಡತಿ ಆನಾ ಮೇರಿ ಮತ್ತು ಪುಟ್ಟ ಮಗನೊಂದಿಗೆ ಲಾಸ್ ಏಂಜಲೀಸ್‌ನಿಂದ ಪೋರ್ಟ್‌ಲ್ಯಾಂಡ್‌ಗೆ ಹೊರಟಿದ್ದ. ಹೋಗುವುದಕ್ಕೆ ಮಾತ್ರ ಟ್ರೇಲರ್ ಕೊಡುವವರು ಒಬ್ಬರೂ ಸಿಗಲಿಲ್ಲ. ಕಾರಿನಲ್ಲಿ ಹಿಡಿಸಿದಷ್ಟನ್ನು ಮಾತ್ರ ತುಂಬಿಕೊಂಡು ಹೊರಟರು. ದಾರಿಯುದ್ದಕ್ಕೂ ಗಂಡ ಹೆಂಡತಿ ಮಾತಾಡಿದ್ದು ಅದೇ ವಿಷಯ: ಇಲ್ಲಿ ತೆಗೆದುಕೊಂಡು ಅಲ್ಲಿ ಬಿಡುವ ಹಾಗಿದ್ದರೆ? ಕೈಯಲ್ಲಿದ್ದ 5000 ಡಾಲರು ಹಾಕಿ ಕಂಪನಿ ಶುರುಮಾಡಿದರು. ಅದೇ ಯೂ-ಹಾಲ್. ವಾಷಿಂಗ್ಟನ್ ರಾಜ್ಯದ ರಿಜ್‌ಫೀಲ್ಡ್‌ನಲ್ಲಿ ಆನಾ ಮೇರಿಯ ತಂದೆತಾಯಿಯ ಜಮೀನಿತ್ತು. ಅಲ್ಲಿನ ಕಾರ್ ಗ್ಯಾರೇಜೇ ಮೊದಲ ಕಾರ್ಖಾನೆ. ಅಲ್ಲಿ ಜಾಗ ಸಾಲದಾದಾಗ ಹಾಲು ಇಡುವ ಮನೆಯೂ ಆಗಿತ್ತಂತೆ. (ನಮ್ಮ ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ಪಕ್ಕದ ಮನೆಯ ಮುಂದೆ ನಿಂತ ಯೂ-ಹಾಲ್ ಟ್ರಕ್ಕಿನ ಹೆಸರು ಕೇಳಿ, "ಇಷ್ಟು ದೊಡ್ಡ ಹಾಲಿನ ಗಾಡಿಯೇ?" ಎಂದಿದ್ದರು. ಪೂರ್ತಿ ತಪ್ಪೇನೂ ಹೇಳಿರಲಿಲ್ಲ!)

ಟ್ರೇಲರ್‌ಗಳಿಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಹಚ್ಚಿ, ಮೈಮೇಲೆ ದಿನಕ್ಕೆ ಎರಡು ಡಾಲರು ಎಂದು ಬರೆಸಿದರು. ಜಾಹೀರಾತಿಗೆ ಬೇರೆ ಖರ್ಚಿಲ್ಲ, ಗಾಡಿಯೇ ಊರೂರು ಸುತ್ತುವ ಬೋರ್ಡು. ಆದರೆ ಅಸಲು ತೊಡಕು ಬೇರೆ ಇತ್ತು. ಟ್ರೇಲರ್ ಶಿಕಾಗೋಗೆ ಹೋಗಬೇಕಾದರೆ ಶಿಕಾಗೋದಲ್ಲಿ ಅದನ್ನು ಇಳಿಸಿಕೊಳ್ಳುವವನೊಬ್ಬ ಬೇಕು. ಟ್ರೇಲರೇ ಬಾರದ ಊರಿನಲ್ಲಿ ಅಂಥವನು ಯಾಕಿರುತ್ತಾನೆ? ಶೋಯೆನ್ ಕಂಡುಕೊಂಡ ಉಪಾಯ ಪೆಟ್ರೋಲ್ ಬಂಕು. ಅಲ್ಲಿ ಖಾಲಿ ಜಾಗ ಇರುತ್ತದೆ, ರಿಂಚು ಸ್ಪ್ಯಾನರು ಹಿಡಿಯಬಲ್ಲ ಮನುಷ್ಯ ಇರುತ್ತಾನೆ, ಕಮಿಷನ್ ಕೊಟ್ಟರೆ ಸಾಕು. ಏಜೆಂಟನಿಲ್ಲದ ಊರಿಗೆ ಹೋಗುವ ಗಿರಾಕಿಗೆ, ನೀನೇ ಅಲ್ಲೊಬ್ಬ ಬಂಕಿನವನನ್ನು ಒಪ್ಪಿಸು, ಬಾಡಿಗೆಯಲ್ಲಿ ರಿಯಾಯಿತಿ ಕೊಡುತ್ತೇನೆ ಎಂದ. ಹೀಗೆ ಮನೆ ಬದಲಿಸುವ ಜನರೇ ಆ ಕಂಪನಿಯನ್ನು ಊರಿಂದ ಊರಿಗೆ ಎಳೆದುಕೊಂಡು ಹೋದರು. 1949ರ ಕೊನೆಯ ಹೊತ್ತಿಗೆ ದೇಶದ ಬಹುಭಾಗದಲ್ಲಿ ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದಾಗಿತ್ತು. 1955ರಲ್ಲಿ 10,000ಕ್ಕೂ ಹೆಚ್ಚು ಟ್ರೇಲರ್‌ಗಳು ರಸ್ತೆಯ ಮೇಲಿದ್ದವು. ಶುರುವಿನಿಂದ ಜೊತೆಗೆ ದುಡಿದ ಆನಾ ಮೇರಿ 1957ರಲ್ಲಿ ತೀರಿಕೊಂಡರು. ಕಂಪನಿ ಟ್ರಕ್ಕು ಬಾಡಿಗೆಗೆ ಕೊಡಲು ಆರಂಭಿಸಿದ್ದು 1959ರಲ್ಲಿ. ಅದನ್ನು ಆಕೆ ನೋಡಲಿಲ್ಲ.

ಇದಕ್ಕೆ ಸರಿಯಾಗಿ ರಸ್ತೆಗಳೂ ಬಂದವು. 1919ರಲ್ಲಿ ಅಮೆರಿಕದ ಸೈನ್ಯ ಟ್ರಕ್ಕುಗಳ ದಂಡೊಂದನ್ನು ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿತ್ತು. 3200ಕ್ಕೂ ಹೆಚ್ಚು ಮೈಲಿಗೆ ಹಿಡಿದದ್ದು 62 ದಿನ! ಸೇತುವೆಗಳು ಮುರಿದವು, ಗಾಡಿಗಳು ಕೆಸರಿನಲ್ಲಿ ಹೂತವು. ಆ ದಂಡಿನಲ್ಲಿದ್ದ ಯುವ ಅಧಿಕಾರಿ ಐಸೆನ್‌ಹೋವರ್ ಮುಂದೆ ಅಧ್ಯಕ್ಷನಾಗಿ 1956ರಲ್ಲಿ 41,000 ಮೈಲಿ ಹೆದ್ದಾರಿಯ ಕಾಯಿದೆಗೆ ಸಹಿ ಹಾಕಿದ. ಹತ್ತು ವರ್ಷ ಕಳೆಯುವುದರೊಳಗೆ, 1965ರ ವಲಸೆ ಕಾಯಿದೆ ಬಂತು. ಅದಕ್ಕೆ ಮೊದಲು, 1946ರ ಕಾನೂನಿನಂತೆ, ಭಾರತಕ್ಕೆ ವರ್ಷಕ್ಕೆ ಇದ್ದದ್ದು ಬರೀ 100 ಜನರ ಕೋಟಾ. ಹೊಸ ಕಾಯಿದೆಯ ಬಾಗಿಲಿನಿಂದ ಬಂದ ನಮ್ಮ ಡಾಕ್ಟರು, ಇಂಜಿನಿಯರುಗಳು ಓದಿದ್ದು ಒಂದೂರು, ರೆಸಿಡೆನ್ಸಿ ಒಂದೂರು, ಕೆಲಸ ಇನ್ನೊಂದೂರು. ಹಳಬರ ಮನೆಗಳಲ್ಲಿ ಆಲ್ಬಮ್ ತೆರೆದು ನೋಡಿ, ಬಾಡಿಗೆ ಟ್ರಕ್ಕಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಒಂದಾದರೂ ಇದ್ದೇ ಇರುತ್ತದೆ.

ಇನ್ನು ನಮ್ಮ ಕಾರಿನ ಕಥೆ. ಹಳೆಯ ಅಮೆರಿಕನ್ ಕಾರು, ಆಟೊಮ್ಯಾಟಿಕ್ ಗೇರು, ಹಿಂದಿನ ಚಕ್ರಕ್ಕೆ ಶಕ್ತಿ. ಟೋ ಬಾರ್ ಸಿಕ್ಕಿಸಿ ನಾಲ್ಕೂ ಚಕ್ರ ನೆಲದ ಮೇಲೇ ಇಟ್ಟು ಎಳೆದೆವು. ನ್ಯೂಟ್ರಲ್‌ನಲ್ಲಿದ್ದರೆ ಆಯಿತಲ್ಲ ಎಂಬ ಧೈರ್ಯ. ಬಾಡಿಗೆಯವನು ಕೊಟ್ಟ ಸೂಚನೆಯ ಹಾಳೆಯನ್ನು ಓದದೆಯೇ ಸಹಿ ಹಾಕಿದ್ದೆವು, ತಪ್ಪು ನಮ್ಮದೇ. ಆಟೊಮ್ಯಾಟಿಕ್ ಗೇರಿನ ಪೆಟ್ಟಿಗೆಯಲ್ಲಿ ಎಣ್ಣೆ ತಿರುಗಿಸುವ ಪಂಪನ್ನು ನಡೆಸುವುದು ಇಂಜಿನ್ನು. ಇಂಜಿನ್ ನಿಂತಿದ್ದು ಹಿಂದಿನ ಚಕ್ರ ತಿರುಗುತ್ತಿದ್ದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಒಣಗಿಕೊಂಡೇ ತಿರುಗುತ್ತವೆ. ಹಾಗೆ ಎಳೆಯುವ ಮೊದಲು ಗೇರಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟನ್ನು ಬಿಚ್ಚಲೇಬೇಕು. ನ್ಯಾಶ್‌ವಿಲ್ ದಾಟಿ, ಮೆಂಫಿಸ್ ಕಡೆಗೆ ಹೋಗುತ್ತಿದ್ದಾಗ ಸುಟ್ಟ ವಾಸನೆ ಬಂತು. ಮೊದಲು ಟ್ರಕ್ಕಿನ ಬ್ರೇಕು ಎಂದುಕೊಂಡೆವು, ಆಮೇಲೆ ಕನ್ನಡಿಯಲ್ಲಿ ಹೊಗೆ ಕಂಡಿತು.

ಶನಿವಾರ ಮಧ್ಯಾಹ್ನ. ಬಂಕೊಂದರಲ್ಲಿ ಸಿಕ್ಕ ಮುದುಕ ಮೆಕ್ಯಾನಿಕ್ ಕಾರಿನಡಿ ತೂರಿ, ಶಾಫ್ಟ್ ಬಿಚ್ಚಿ ತಂತಿಯಲ್ಲಿ ಕಟ್ಟಿ, ಗೇರು ಮುಗಿಯಿತು, ಇನ್ನು ಎಷ್ಟು ದೂರ ಬೇಕಾದರೂ ಎಳೆಯಿರಿ ಎಂದ. ಅಷ್ಟು ಹೊತ್ತಿಗೆ ಮಗುವಿಗೆ ಜ್ವರ. ಮೆಂಫಿಸ್‌ನ ಮೋಟೆಲ್‌ನಲ್ಲಿ ಟೆಲಿಫೋನ್ ಡೈರೆಕ್ಟರಿ ಹಿಡಿದು ಕೂತೆವು. ಆಗ ಪರಸ್ಥಳದಲ್ಲಿ ಕಷ್ಟ ಬಂದರೆ ರಾವ್, ಶೆಟ್ಟಿ, ಗೌಡ ಎಂದು ಹೆಸರು ಹುಡುಕುವುದೇ ನಮ್ಮ ಪದ್ಧತಿ. ಫೋನ್ ಎತ್ತಿದವರು ತೆಲುಗಿನವರು. ನಮ್ಮ ಮುರುಕು ತೆಲುಗು ಕೇಳಿ ನಕ್ಕು, ಅರ್ಧ ಗಂಟೆಯಲ್ಲಿ ಮಗುವಿನ ಔಷಧಿ, ಚಾರು, ಅನ್ನ ಹಿಡಿದು ಬಂದರು. ಭಾನುವಾರ ನಡುರಾತ್ರಿ ಹ್ಯೂಸ್ಟನ್ ಮುಟ್ಟಿ, ಸೋಮವಾರ ಎಂಟಕ್ಕೆ ಕೆಲಸದಲ್ಲಿದ್ದೆವು. ಕಾರು ಮೂರು ತಿಂಗಳು ಅಪಾರ್ಟ್‌ಮೆಂಟಿನ ಮುಂದೆ ಸುಮ್ಮನೆ ನಿಂತಿತ್ತು. ಟ್ರಕ್ಕಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಹಣವನ್ನು ಗೇರು ನುಂಗಿತು. ಕಾರಿಗೆ ನಿಂಬೆಹಣ್ಣು ಇಡದಿದ್ದರೆ ಇನ್ನೇನಾಗುತ್ತದೆ ಎಂದು ಅಮ್ಮ ಬರೆದರು.

ಐದು ವರ್ಷಕ್ಕೆ ಗಾಳಿ ತಿರುಗಿತು. 1986ರಲ್ಲಿ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದು ಹ್ಯೂಸ್ಟನ್ ಖಾಲಿಯಾಗತೊಡಗಿತು. 1987ರಲ್ಲಿ ನಾವು ನ್ಯೂಜೆರ್ಸಿಗೆ ಟ್ರಕ್ಕು ಕೇಳಿದರೆ, ಹೇಳಿದ ಬಾಡಿಗೆ ಕೇಳಿ ದಂಗಾದೆವು. ಅದೇ ಟ್ರಕ್ಕನ್ನು ನ್ಯೂಜೆರ್ಸಿಯಿಂದ ಹ್ಯೂಸ್ಟನ್‌ಗೆ ತರುವುದಾದರೆ ಅರ್ಧವೂ ಇಲ್ಲ! ಒಂದೇ ದಾರಿ, ಒಂದೇ ಗಾಡಿ. ಎಲ್ಲರೂ ಬಿಟ್ಟುಹೋಗುವ ಊರಿನಲ್ಲಿ ಟ್ರಕ್ಕಿಗೆ ಬರ, ಎಲ್ಲರೂ ಹೋಗಿ ಸೇರುವ ಊರಿನಲ್ಲಿ ರಾಶಿ. ಆ ರಾಶಿಯನ್ನು ಯಾರಾದರೂ ವಾಪಸು ತರಬೇಕಲ್ಲ. ಈಚಿನ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಹೊರಟವರಿಗೂ ಇದೇ ಅನುಭವ. ಯಾವ ಊರಿನಲ್ಲಿ ಕೆಲಸ ಇದೆ, ಎಲ್ಲಿ ಇಲ್ಲ ಎಂದು ತಿಳಿಯಲು ನಾವಂತೂ ಪತ್ರಿಕೆಗಿಂತ ಟ್ರಕ್ಕಿನ ಬಾಡಿಗೆಯನ್ನೇ ಹೆಚ್ಚು ನಂಬುತ್ತೇವೆ.

ಆ ಸಲ ಕಾರು ಸುಖವಾಗಿ ಬಂತು. ಕಾರಣ ಕಾರುಗಳೇ ಬದಲಾಗಿದ್ದವು. 1970ರ ದಶಕದಲ್ಲಿ ಹೊಂಡಾ ಸಿವಿಕ್‌ನಂಥವು, 1980ರ ನಂತರ ಡೆಟ್ರಾಯಿಟ್‌ನ ಕಾರುಗಳೂ ಮುಂದಿನ ಚಕ್ರಕ್ಕೆ ಶಕ್ತಿ ಕೊಡತೊಡಗಿದವು. ಎರಡು ಚಕ್ರದ ಡಾಲಿಯ ಮೇಲೆ ಮುಂಭಾಗ ಎತ್ತಿ ಕಟ್ಟಿದರೆ ಹಿಂದಿನ ಚಕ್ರ ಎತ್ತಿನ ಗಾಡಿಯ ಚಕ್ರದ ಹಾಗೆ ಸುಮ್ಮನೆ ಉರುಳುತ್ತದೆ. ಆದರೆ ಈ ಹುಡುಗನದು ಆಲ್ ವೀಲ್ ಡ್ರೈವ್. ಅವನಿಗೆ ಡಾಲಿ ಬೇಡವೇ ಬೇಡ, ನಾಲ್ಕೂ ಚಕ್ರ ಮೇಲೇರುವ ಟ್ರೇಲರೇ ಬೇಕು. ಎಲೆಕ್ಟ್ರಿಕ್ ಕಾರಿಗೂ ಹಾಗೇ. ಕಾರಿನ ಮೂತಿ ಟ್ರಕ್ಕಿನ ಕಡೆಗೇ ಇರಬೇಕು. ತಿರುಗಿಸಿ ಹತ್ತಿಸಿದರೆ ಇಂಜಿನ್ನಿನ ಭಾರ ಹಿಂದೆ ಬಿದ್ದು ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ.

ಊರಿನಲ್ಲಾದರೆ ಲಾರಿ ಓಡಿಸುವವನಿಗೆ ಬೇರೆ ಲೈಸೆನ್ಸು. ಇಲ್ಲಿ 1986ರ ಫೆಡರಲ್ ಕಾಯಿದೆಯ ಪ್ರಕಾರ 26,000 ಪೌಂಡಿಗೆ ಮೇಲಿನ ಟ್ರಕ್ಕಿಗೆ ಮಾತ್ರ ಕಮರ್ಷಿಯಲ್ ಲೈಸೆನ್ಸು, ಅತಿ ದೊಡ್ಡ ಬಾಡಿಗೆ ಟ್ರಕ್ಕೂ ಅದಕ್ಕೆ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಹಾಗಾಗಿ ನಿನ್ನೆಯವರೆಗೆ ಕೊರೊಲ್ಲಾ ಓಡಿಸಿದವರು ಇಂದು ಐವತ್ತು ಅಡಿಯ ಮೆರವಣಿಗೆಗೆ ಸಾರಥಿ. ಇದು ಒಳ್ಳೆಯದೋ ಎಂದರೆ ನಮಗೆ ಅನುಮಾನವೇ. ಬಾಸ್ಟನ್‌ನ ಸ್ಟೊರೊ ಡ್ರೈವ್ ನೋಡಿ. ನದಿಯ ದಂಡೆಯ ಆ ರಸ್ತೆ 1951ರಲ್ಲಿ ತೆರೆದದ್ದು, ಕಾರಿಗೆ ಮಾತ್ರ. ಅದರ ಕೆಲವು ಸೇತುವೆಗಳ ಎತ್ತರ ಹತ್ತಡಿಯ ಆಸುಪಾಸು. ಆ ಊರಿನಲ್ಲಿ ಬಹಳಷ್ಟು ಬಾಡಿಗೆ ಮನೆಗಳು ಕೈ ಬದಲಾಗುವುದು ಸೆಪ್ಟೆಂಬರ್ 1ಕ್ಕೆ. ವರ್ಷ ವರ್ಷವೂ ಆ ಹೊತ್ತಿಗೆ ಯಾರಾದರೊಬ್ಬರ ಟ್ರಕ್ಕಿನ ತಲೆ ಅಲ್ಲಿ ಡಬ್ಬಿಯ ಮುಚ್ಚಳದಂತೆ ಕಿತ್ತು ಬರುತ್ತದೆ. ನಮ್ಮಲ್ಲೂ ಗಾರ್ಡನ್ ಸ್ಟೇಟ್ ಪಾರ್ಕ್‌ವೇಯ ಉತ್ತರ ಭಾಗಕ್ಕೆ ದೊಡ್ಡ ಟ್ರಕ್ಕಿಗೆ ಪ್ರವೇಶವಿಲ್ಲ. ಟರ್ನ್‌ಪೈಕ್ ಹಿಡಿದು ಹೋಗಪ್ಪ ಎಂದಿದ್ದೇವೆ.

ಲೋಡಿಂಗು ಈ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ. ದಪ್ಪ ಕೈಗವಸು, ಖಾಲಿ ಪೆಟ್ಟಿಗೆ, ಹಳೆಯ ಕಂಬಳಿ ಇರುವವರು ತನ್ನಿ. ಚಿತ್ರಾನ್ನ, ಮೊಸರನ್ನ ನಮ್ಮ ಮನೆಯದು. ನಿಂಬೆಹಣ್ಣೂ ನಾವೇ ತರುತ್ತೇವೆ, ಕಾರಿಗೂ ಸೇರಿಸಿ.