ಮಾತು ಹೊರಡದ ಹುಡುಗ ಮತ್ತು ನಾಗಪುರದ ಪೆಂಡಾಲು

ಸ್ವಾತಂತ್ರ್ಯಕ್ಕೆ ಮುಂಚೆ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ಎರಡು ಸಲ ನಡೆಯಿತು. ಮೊದಲನೆಯದು 1891ರ ಡಿಸೆಂಬರಿನಲ್ಲಿ. ಮದರಾಸಿನ ವಕೀಲ ಪಿ. ಆನಂದಾಚಾರ್ಲು ಅದರ ಅಧ್ಯಕ್ಷರು. ಆಗಿನ ಕಾಂಗ್ರೆಸ್ ಎಂದರೆ ವಕೀಲರು, ಸಂಪಾದಕರು, ದೊಡ್ಡ ಜಮೀನುದಾರರು ವರ್ಷಕ್ಕೊಮ್ಮೆ ಸೇರಿ ಬಹುಪಾಲು ಇಂಗ್ಲಿಷಿನಲ್ಲಿ ಭಾಷಣ ಮಾಡಿ ಊರಿಗೆ ಮರಳುವ ಸಭೆ. ಎರಡನೆಯದು 1920ರ ಡಿಸೆಂಬರಿನಲ್ಲಿ. ಈ ಸಲ ಬಂದ ಪ್ರತಿನಿಧಿಗಳೇ ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಇಲ್ಲಿಯೇ ಕಾಂಗ್ರೆಸ್ ತನ್ನ ಪ್ರಾಂತ್ಯಗಳನ್ನು ಭಾಷೆಯ ಆಧಾರದ ಮೇಲೆ ಪುನರ್ರಚಿಸಿಕೊಂಡಿತು. ನಾಲ್ಕಾರು ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡಿಗರಿಗೆ ಒಂದು ರಾಜಕೀಯ ಹೆಸರು ಮೊದಲು ಸಿಕ್ಕಿದ್ದು ಹೀಗೆ, ವಿದರ್ಭದ ಕಿತ್ತಳೆ ಸೀಮೆಯಲ್ಲಿ.

ಈ ಎರಡು ಸಭೆಗಳ ನಡುವಿನ ಇಪ್ಪತ್ತೊಂಬತ್ತು ವರ್ಷಗಳನ್ನು ನಾವು ಸಾಮಾನ್ಯವಾಗಿ ತೀವ್ರಗಾಮಿ, ಮಂದಗಾಮಿ ಎಂಬ ಪದಗಳಲ್ಲಿ ಓದುತ್ತೇವೆ. ಇವತ್ತು ಬೇರೊಂದು ಎಳೆ ಹಿಡಿಯೋಣ. ಮೊದಲ ನಾಗಪುರ ಅಧಿವೇಶನ ನಡೆದ ಅದೇ ವರ್ಷ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಮರಳಿದ್ದ 22 ವರ್ಷದ ಒಬ್ಬ ಯುವಕನಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಎರಡನೆಯ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಹೊಸ ಧ್ಯೇಯದ ನಿರ್ಣಯವನ್ನು ಮಂಡಿಸಿದ್ದು ಅವನೇ. ಮೋಹನದಾಸ ಗಾಂಧಿಯ ಸಂಕೋಚದ ಕಥೆ ಬಹಳ ಮಂದಿಗೆ ಗೊತ್ತು. ಗೊರೂರರ ಅನುವಾದದಲ್ಲಿ ಆತ್ಮಕಥೆ ಓದಿದ ಕನ್ನಡಿಗರಿಗಂತೂ ಚೆನ್ನಾಗಿಯೇ ಗೊತ್ತು. ಆದರೆ ಅದನ್ನು 'ಅಂಜುಬುರುಕ ಹುಡುಗ ಧೀರನಾದ' ಎಂಬ ನೀತಿಕಥೆಯಾಗಿ ಓದಿ ಮುಗಿಸಿಬಿಡುತ್ತೇವೆ. ಹಾಗೆ ಓದಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ.

1888ರ ಸೆಪ್ಟೆಂಬರ್ 4ರಂದು ಗಾಂಧಿ ಮುಂಬಯಿಯಲ್ಲಿ 'ಕ್ಲೈಡ್' ಎಂಬ ಹಡಗು ಹತ್ತಿದಾಗ ಹತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ತಂದೆ ತೀರಿಕೊಂಡಿದ್ದರು. ಸಮುದ್ರ ದಾಟಲು ಹೊರಟಿದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿದ್ದರು. ಹೆಂಡತಿ, ಹಸುಗೂಸು ರಾಜಕೋಟೆಯಲ್ಲಿ. ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂದು ತಾಯಿಗೆ ಕೊಟ್ಟ ಮಾತು ಬೆನ್ನಿಗಿತ್ತು. ಕ್ಯಾಬಿನ್ನಿನಲ್ಲಿ ಜುನಾಗಢದ ವಕೀಲ ತ್ರ್ಯಂಬಕರಾಯ ಮಜುಮ್‌ದಾರ್ ಜೊತೆಗಿದ್ದರು. ಆದರೆ ಪಕ್ಕದಲ್ಲಿ ಮನುಷ್ಯರಿದ್ದ ಮಾತ್ರಕ್ಕೆ ಒಂಟಿತನ ಹೋಗುವುದಿಲ್ಲವಷ್ಟೆ. ಮಜುಮ್‌ದಾರ್ ಹಡಗಿನ ತುಂಬ ಓಡಾಡಿ ಎಲ್ಲರ ಗೆಳೆತನ ಮಾಡಿಕೊಂಡರು. ಹುಡುಗ ಊಟದ ಹಾಲಿಗೇ ಹೋಗಲಿಲ್ಲ. ಮುಳ್ಳುಚಮಚ ಹಿಡಿಯಲು ಬಾರದು. ಯಾವ ತಿನಿಸಿನಲ್ಲಿ ಮಾಂಸವಿಲ್ಲ ಎಂದು ಕೇಳಲು ಧೈರ್ಯವಿಲ್ಲ. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಅರ್ಥವಾದರೂ ಉತ್ತರವನ್ನು ತಲೆಯಲ್ಲಿ ವಾಕ್ಯವಾಗಿ ಕಟ್ಟಿಕೊಳ್ಳುವವರೆಗೆ ಹೊರಗೆ ಬಾರದು. ಮನೆಯಿಂದ ತಂದಿದ್ದ ಸಿಹಿ ತಿಂಡಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲೇ ಕೂತು ತಿಂದು ದಿನ ದೂಡಿದ.

ಲಂಡನ್ನಿನಲ್ಲೂ ಇದೇ. ಹಡಗಿಳಿಯುವಾಗ ಹಾಕಿಕೊಂಡಿದ್ದ ಬಿಳಿ ಫ್ಲಾನೆಲ್ ಸೂಟಿನಲ್ಲಿ ಸೆಪ್ಟೆಂಬರ್ ಕೊನೆಯ ಆ ಚಳಿಯಲ್ಲಿ ತಾನೊಬ್ಬನೇ ಎಂದು ನಾಚಿಕೆ. ಬಾಡಿಗೆ ಮನೆಯಲ್ಲಿ ಎರಡು ಮೂರು ಚೂರು ಬ್ರೆಡ್ಡು ಬಡಿಸಿದರೆ, ಇನ್ನೊಂದು ಕೊಡಿ ಎನ್ನಲು ಸಂಕೋಚ. ತಿನ್ನುವ ವಯಸ್ಸು, ಎದುರಿಗೆ ಅನ್ನವಿದೆ, ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ, ಆದರೂ ಅರೆಹೊಟ್ಟೆ. ರಾತ್ರಿ ಅಮ್ಮನನ್ನು ನೆನೆದು ಅಳು.

ಇದನ್ನೆಲ್ಲ ಅವರು ಬರೆದದ್ದು 1925ರಿಂದ ಶುರುವಾಗಿ 'ನವಜೀವನ'ದ ವಾರವಾರದ ಕಂತುಗಳಲ್ಲಿ. ಘಟನೆಗೂ ಬರಹಕ್ಕೂ ಮೂವತ್ತೈದು ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಆದ್ದರಿಂದ ಸತ್ತುಹೋದ ವ್ಯಕ್ತಿಗೆ ಇಂದಿನ ಕಾಯಿಲೆಯ ಚೀಟಿ ಅಂಟಿಸುವುದು ಬೇಡ. 'ಸೋಶಿಯಲ್ ಫೋಬಿಯಾ' ಎಂಬುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಹೆಸರಾಗಿ ಸೇರಿದ್ದೇ 1980ರಲ್ಲಿ. ಈಗ ಅದನ್ನು ಸೋಶಿಯಲ್ ಆಂಗ್ಸೈಟಿ ಎನ್ನುತ್ತಾರೆ. ಆದರೆ ಈ ತೊಂದರೆ ಹೇಗೆ ಕೆಲಸ ಮಾಡುತ್ತದೆ ಎಂದು 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಕೊಟ್ಟ ವಿವರಣೆಯನ್ನು ಓದಿದವರಿಗೆ ಕ್ಲೈಡ್ ಹಡಗಿನ ಆ ಕ್ಯಾಬಿನ್ನು ನೆನಪಾಗದೆ ಇರದು. ಅವರ ಪ್ರಕಾರ, ಜನರ ನಡುವೆ ಹೋದಾಗ ಅಂಜುವವನ ಗಮನ ಜನರ ಮೇಲೆ ಇರುವುದಿಲ್ಲ. ತಾನು ಅವರಿಗೆ ಹೇಗೆ ಕಾಣುತ್ತಿದ್ದೇನೆ ಎಂಬ ಕಲ್ಪನೆಯ ಮೇಲಿರುತ್ತದೆ. ಆ ಅವಮಾನ ತಪ್ಪಿಸಿಕೊಳ್ಳಲು ಅವನು ಸಣ್ಣ ಸಣ್ಣ ಉಪಾಯ ಮಾಡುತ್ತಾನೆ: ಮೂಲೆಯಲ್ಲಿ ಕೂರುತ್ತಾನೆ, ಕಡಿಮೆ ಮಾತಾಡುತ್ತಾನೆ, ಹೇಳಬೇಕಾದ್ದನ್ನು ಮೊದಲೇ ತಾಲೀಮು ಮಾಡುತ್ತಾನೆ. ಆ ಹೊತ್ತಿಗೆ ಉಪಾಯ ಕಾಪಾಡುತ್ತದೆ. ಆದರೆ ಹೊರಗೆ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಂಡುಕೊಳ್ಳುವ ಅವಕಾಶವೂ ಅದರಿಂದಲೇ ತಪ್ಪುತ್ತದೆ.

ಲಂಡನ್ನಿನ ಸಸ್ಯಾಹಾರಿಗಳ ಸಂಘ ಗಾಂಧಿಯನ್ನು ಕಾರ್ಯಕಾರಿ ಸಮಿತಿಗೆ ಆರಿಸಿತು. ಪ್ರತಿ ಸಭೆಗೂ ತಪ್ಪದೆ ಹೋಗುತ್ತಿದ್ದರು. ಒಂದು ಸಭೆಯಲ್ಲೂ ಬಾಯಿ ತೆರೆಯಲಿಲ್ಲ. ನನ್ನ ಹತ್ತಿರ ಸರಿಯಾಗಿಯೇ ಮಾತಾಡುತ್ತೀಯಲ್ಲ, ಸಮಿತಿಯಲ್ಲಿ ಮಾತ್ರ ಏಕೆ ಗಂಡುಜೇನಿನ ಹಾಗೆ ಸುಮ್ಮನಿರುತ್ತೀ ಎಂದು ಗೆಳೆಯ ಓಲ್ಡ್‌ಫೀಲ್ಡ್ ಛೇಡಿಸಿದ್ದುಂಟು. ಸಂತಾನ ನಿಯಂತ್ರಣವನ್ನು ಬೆಂಬಲಿಸಿದ್ದಕ್ಕೆ ಡಾ. ಆಲಿನ್ಸನ್ ಅವರನ್ನು ಸಂಘದಿಂದ ತೆಗೆಯುವ ಪ್ರಸ್ತಾಪ ಬಂತು. ಆ ಅಭಿಪ್ರಾಯ ಗಾಂಧಿಗೆ ಒಪ್ಪಿಗೆಯಿರಲಿಲ್ಲ. ಆದರೆ ಅಷ್ಟಕ್ಕೇ ಸಸ್ಯಾಹಾರಿಯೊಬ್ಬನನ್ನು ಸಸ್ಯಾಹಾರಿಗಳ ಸಂಘದಿಂದ ಹೊರಹಾಕುವುದು ಅನ್ಯಾಯ ಎನ್ನಿಸಿತು. ವಾದವನ್ನು ಕಾಗದದ ಮೇಲೆ ಬರೆದುಕೊಂಡು ಹೋದರು, ಓದಲೂ ಆಗಲಿಲ್ಲ. ಅಧ್ಯಕ್ಷರು ಬೇರೊಬ್ಬರಿಂದ ಓದಿಸಿದರು. ಆಲಿನ್ಸನ್ ಪಕ್ಷ ಸೋತಿತು. ವೆಂಟ್ನರ್ ಎಂಬ ಊರಿನ ಸಭೆಯಲ್ಲಿ ಒಂದೇ ಹಾಳೆಯ ಭಾಷಣ ಹಿಡಿದು ಎದ್ದು ನಿಂತಾಗ ಕಣ್ಣು ಮಂಜಾಗಿ ಮೈ ನಡುಗಿತು; ಅದನ್ನು ಮಜುಮ್‌ದಾರ್ ಓದಿ ಮುಗಿಸಬೇಕಾಯಿತು. 1891ರ ಜೂನಿನಲ್ಲಿ ಊರಿಗೆ ಹೊರಡುವ ಮುನ್ನ ಗೆಳೆಯರಿಗೆ ಔತಣ ಕೊಟ್ಟು, ನಗೆಚಾಟಿಕೆಯ ಚಿಕ್ಕ ಭಾಷಣವೊಂದನ್ನು ಉರುಹೊಡೆದುಕೊಂಡಿದ್ದರು. ಮೊದಲ ವಾಕ್ಯ ದಾಟಿ ಮುಂದಕ್ಕೆ ಹೋಗಲಿಲ್ಲ.

ಇಲ್ಲಿ ಒಂದನ್ನು ಗಮನಿಸಬೇಕು. ಅದೇ 1891ರಲ್ಲಿ ಇದೇ ಯುವಕ 'ದಿ ವೆಜಿಟೇರಿಯನ್' ಪತ್ರಿಕೆಗೆ ಭಾರತದ ಊಟ ತಿಂಡಿ, ಹಬ್ಬ ಹರಿದಿನಗಳ ಬಗ್ಗೆ ಸಾಲಾಗಿ ಇಂಗ್ಲಿಷ್ ಲೇಖನ ಬರೆದಿದ್ದ. ಬ್ರೈಟನ್ನಿನಲ್ಲಿ ಪರಿಚಯವಾದ ಹಿರಿಯ ಮಹಿಳೆಯೊಬ್ಬರಿಗೆ ತನಗೆ ಮದುವೆಯಾಗಿದೆ ಎಂದು ಮುಖತಃ ಹೇಳಲಾಗದೆ, ಕೊನೆಗೆ ಪತ್ರದಲ್ಲಿ ಎಲ್ಲ ಬರೆದು ಹಗುರಾಗಿದ್ದ. ಅಂದರೆ ವಿಚಾರ ಇತ್ತು, ಭಾಷೆಯೂ ಇತ್ತು. ಕೋಣೆಯೊಳಗೆ ಹೋದಾಗ ಮಾತ್ರ ಎರಡೂ ಕೈಕೊಡುತ್ತಿದ್ದವು.

ಮುಂಬಯಿಗೆ ಬಂದ ಮೇಲೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಮೊಕದ್ದಮೆ ಸಿಕ್ಕಿತು. ಫೀಜು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರೆ ತಲೆ ಸುತ್ತಿ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಹಣ ಹಿಂತಿರುಗಿಸಿ ಹೊರಗೆ ಬಂದರು. ವಿಲಾಯಿತಿಗೆ ಹೋಗಿ ಬಂದರೆ ಹುಡುಗ ಸರಿಹೋಗುತ್ತಾನೆ ಎಂಬ ಮನೆಯವರ ಲೆಕ್ಕ ಅಲ್ಲಿಗೆ ತಪ್ಪಿತು. ಪ್ರಯಾಣವೊಂದೇ ಅಂಜಿಕೆಗೆ ಔಷಧವಾಗುವುದಿಲ್ಲ.

1893ರಲ್ಲಿ ಅವರು ಮತ್ತೆ ಹಡಗು ಹತ್ತಿದರು, ಈ ಸಲ ದಕ್ಷಿಣ ಆಫ್ರಿಕಕ್ಕೆ, ದಾದಾ ಅಬ್ದುಲ್ಲಾ ಕಂಪನಿಯ ಕೆಲಸದ ಮೇಲೆ. ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನ ರಾತ್ರಿಯ ಕಥೆ ಎಲ್ಲರಿಗೂ ಗೊತ್ತು. ಅಷ್ಟು ಪ್ರಸಿದ್ಧವಲ್ಲದ ಸಂಗತಿಯೊಂದು ಕೆಲವೇ ದಿನಗಳ ನಂತರ ಪ್ರಿಟೋರಿಯಾದಲ್ಲಿ ನಡೆಯಿತು. ಅಲ್ಲಿನ ಭಾರತೀಯ ವ್ಯಾಪಾರಿಗಳನ್ನು ಸೇಠ್ ಹಾಜಿ ಮಹಮ್ಮದ್ ಹಾಜಿ ಜೂಸಬ್ ಅವರ ಮನೆಯಲ್ಲಿ ಸೇರಿಸಿ ಗಾಂಧಿ ಮಾತಾಡಿದರು. ಅದೇ ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದು ಅವರು ಲೆಕ್ಕ ಹಾಕುತ್ತಾರೆ. ವ್ಯಾಪಾರದಲ್ಲಿ ಸತ್ಯ, ಮನೆ ಸುತ್ತಲಿನ ಚೊಕ್ಕಟ, ಜಾತಿ ಪಂಗಡ ಮರೆತು ಒಂದಾಗುವುದು ಅದರ ವಿಷಯ. ತಡವರಿಸಲಿಲ್ಲ.

ಏನು ಬದಲಾಗಿತ್ತು? ನನಗೆ ಕಾಣುವುದು ಎರಡು. ಒಂದು, ಹೇಳಬೇಕಾದ್ದು ತನ್ನ ಬಗ್ಗೆ ಆಗಿರಲಿಲ್ಲ. ನಾನು ಹೇಗೆ ಕಾಣುತ್ತೇನೆ ಎಂಬಲ್ಲಿದ್ದ ಗಮನ ಇವರ ಗತಿಯೇನು ಎಂಬಲ್ಲಿಗೆ ಸರಿದಿತ್ತು. ಎರಡು, ಆ ಕೋಣೆ ಬೇರೆ. ಬಹುಪಾಲು ಗುಜರಾತಿನ ಮೇಮನ್ ವ್ಯಾಪಾರಿಗಳು, ಎದುರಿಗೆ ಪರೀಕ್ಷಕರಿರಲಿಲ್ಲ. ಅಲ್ಲಿದ್ದವರಲ್ಲಿ ಇಂಗ್ಲಿಷ್ ಬಲ್ಲವರು ಕಡಿಮೆ ಎಂದು ತಿಳಿದು, ಕಲಿಯುವವರಿಗೆ ಕಲಿಸುತ್ತೇನೆಂದು ಗಾಂಧಿ ಹೇಳಿದರು. ಮೂವರು ಮುಂದೆ ಬಂದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವ. ಐದು ವರ್ಷದ ಹಿಂದೆ ಹಡಗಿನಲ್ಲಿ ಇಂಗ್ಲಿಷಿಗೆ ಹೆದರಿ ಹಸಿದಿದ್ದವನಿಗೆ ಆ ಮೂವರ ಕಷ್ಟ ವಿವರಿಸಿ ಹೇಳಬೇಕಿರಲಿಲ್ಲ.

ಹಾಗೆಂದು ಹೆದರಿಕೆ ಹೋಗಿಬಿಡಲಿಲ್ಲ. 1901ರ ಕಲ್ಕತ್ತ ಕಾಂಗ್ರೆಸ್ಸಿನಲ್ಲಿ ದಕ್ಷಿಣ ಆಫ್ರಿಕದ ನಿರ್ಣಯ ಮಂಡಿಸಲು ಎದ್ದಾಗ ನಡುಗುತ್ತಿದ್ದರು. ಇನ್ನೆರಡು ನಿಮಿಷವಿದೆ ಎಂದು ಸೂಚಿಸುವ ಗಂಟೆಯನ್ನು ಮುಗಿಸೆಂಬ ಅಪ್ಪಣೆ ಎಂದುಕೊಂಡು ನೊಂದು ಕೂತುಬಿಟ್ಟರು. ಸಂಕೋಚ ತನ್ನನ್ನು ಪೂರ್ತಿ ಬಿಡಲೇ ಇಲ್ಲವೆಂದೂ, ಅದು ಮಾತನ್ನು ಅಳೆದು ಆಡುವುದನ್ನು ಕಲಿಸಿ ತನಗೆ ರಕ್ಷೆಯಾಯಿತೆಂದೂ ಅವರೇ ಬರೆದಿದ್ದಾರೆ. 1909ರ ನವೆಂಬರಿನಲ್ಲಿ ಲಂಡನ್ನಿನಿಂದ ಮರಳುವಾಗ 'ಕಿಲ್ಡೋನನ್ ಕ್ಯಾಸಲ್' ಹಡಗಿನಲ್ಲಿ ಹತ್ತೇ ದಿನಗಳಲ್ಲಿ 'ಹಿಂದ್ ಸ್ವರಾಜ್' ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ. ಬರೆದದ್ದು ಗುಜರಾತಿಯಲ್ಲಿ.

ಈಗ ನಾಗಪುರಕ್ಕೆ ಬರೋಣ. ಅದೇ 1920ರಲ್ಲಿ ಧಾರವಾಡದಲ್ಲಿ, ಮೈಸೂರಿನ ಮಾಜಿ ದಿವಾನ ವಿ.ಪಿ. ಮಾಧವರಾವ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತ್ತು. ನಾಗಪುರಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋಗಬೇಕೆಂಬ ಕರೆ ಹೊರಟಿತು. ಸುಮಾರು 800 ಕನ್ನಡಿಗರು ಹೋದರೆಂದು ಏಕೀಕರಣದ ಇತಿಹಾಸಗಳು ಹೇಳುತ್ತವೆ. ಧಾರವಾಡ, ಬೆಳಗಾವಿ ಕಡೆಯವರು ಮುಂಬಯಿ ಪ್ರಾಂತ್ಯಕ್ಕೆ ಸೇರಿದವರು. ಬಳ್ಳಾರಿ, ಮಂಗಳೂರಿನವರು ಮದರಾಸಿಗೆ. ಎಲ್ಲಿ ಹೋದರೂ ಸಭೆಯಲ್ಲಿ ಅವರು ಅಲ್ಪಸಂಖ್ಯಾತರು. ನಡೆಯುವ ಮಾತು ಮರಾಠಿಯಲ್ಲಿ, ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ತಮ್ಮ ಊರಿನಲ್ಲೇ ಪರದೇಶಿಗಳ ಹಾಗೆ ಮೂಲೆಯಲ್ಲಿ ಕೂರುವ ಈ ಅನುಭವದಿಂದಲೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ನಾಗಪುರದ ಹೊಸ ಸಂವಿಧಾನ ಕಾಂಗ್ರೆಸ್ಸಿನ ಸದಸ್ಯತ್ವವನ್ನು ನಾಲ್ಕಾಣೆಗೆ ಇಳಿಸಿತು, ಭಾಷಾವಾರು ಪ್ರಾಂತ್ಯಗಳನ್ನು ಒಪ್ಪಿತು. ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಬಂತು; ಗಂಗಾಧರರಾವ್ ದೇಶಪಾಂಡೆ ಅದರ ಮೊದಲ ಅಧ್ಯಕ್ಷರಾದರು. ಆಂಧ್ರ, ಕನ್ನಡ, ಸಿಂಧ್ ಸೀಮೆಗಳ ಬಹಳ ದಿನಗಳ ಬೇಡಿಕೆ ಇದಕ್ಕೆ ಕಾರಣವೇ ಹೊರತು ಗಾಂಧಿಯ ಸಂಕೋಚವಲ್ಲ. ಆದರೆ ಲಂಡನ್ನಿನ ಆ ಸಮಿತಿಯ ಕೋಣೆಯನ್ನು ನೆನಪಿಟ್ಟುಕೊಂಡು ಓದಿದರೆ ನಾಗಪುರದ ತೀರ್ಮಾನ ಬೇರೆಯಾಗಿ ಕಾಣುತ್ತದೆ. ಮಾತು ಬಾರದವರು ಎಂದು ಎಣಿಸಿದ್ದ ಲಕ್ಷಾಂತರ ಜನರಿಗೆ ಮಾತು ಇದ್ದೇ ಇತ್ತು. ಅವರು ಮಾತಾಡಬಲ್ಲ ಕೋಣೆ ಇರಲಿಲ್ಲ.

ಅದೇ ಪೆಂಡಾಲಿನ ಇನ್ನೊಂದು ದೃಶ್ಯವನ್ನೂ ಮರೆಯಬಾರದು. ಶಾಂತಿಯುತ, ನ್ಯಾಯಬದ್ಧ ಮಾರ್ಗಗಳಿಂದ ಸ್ವರಾಜ್ಯ ಎಂಬ ಹೊಸ ಧ್ಯೇಯವನ್ನು ಗಾಂಧಿ ಮಂಡಿಸಿದಾಗ ಜಿನ್ನಾ ವಿರೋಧಿಸಿ ಎದ್ದರು. 'ಮಿಸ್ಟರ್ ಗಾಂಧಿ' ಎಂದಿದ್ದಕ್ಕೆ, 'ಮಹಾತ್ಮ' ಎನ್ನಬೇಕೆಂದು ಜನ ಕೂಗಿ ಗದ್ದಲ ಮಾಡಿದರು. ಸಂಕೋಚ ಎಂದರೇನೆಂದು ತಿಳಿಯದ ಆ ವಕೀಲ ಅಧಿವೇಶನ ಬಿಟ್ಟು ಹೊರಟರು; ಮತ್ತೆ ಕಾಂಗ್ರೆಸ್ಸಿಗೆ ಬರಲಿಲ್ಲ. ಸಾವಿರಾರು ಜನರಿಗೆ ಬಾಯಿ ಕೊಟ್ಟ ಪೆಂಡಾಲು ಒಬ್ಬನ ಬಾಯಿ ಮುಚ್ಚಿಸಿತು. ಅಳುಕುತ್ತ ಒಂಟಿಯಾಗಿ ನಿಲ್ಲುವುದು ಹೇಗಿರುತ್ತದೆಂದು ಆ ವೇದಿಕೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಬಲ್ಲವರಿಗೂ ಅದನ್ನು ತಡೆಯಲಾಗಲಿಲ್ಲ.

ಮುಂದೆ ಗಾಂಧಿ ನೆಲೆಸಿದ ಸೇವಾಗ್ರಾಮ ನಾಗಪುರದಿಂದ ಸುಮಾರು 75 ಕಿ.ಮೀ. ಅಲ್ಲಿ ಸೋಮವಾರ ಅವರದು ಮೌನ. ಹೇಳಬೇಕಾದ್ದಿದ್ದರೆ ಚೀಟಿಯಲ್ಲಿ ಬರೆದುಕೊಡುತ್ತಿದ್ದರು, ಆಲಿನ್ಸನ್ ಪರ ವಾದವನ್ನು ಬರೆದುಕೊಂಡು ಹೋಗಿದ್ದ ಹಾಗೆಯೇ. ಆ ಸಲ ಮಾತು ಹೊರಡದೆ ಬರೆದರು, ಈ ಸಲ ತಾವೇ ಮಾತು ಬಿಟ್ಟು ಬರೆದರು.

ಇವತ್ತು ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಒಬ್ಬೊಬ್ಬರೇ ಜರ್ಮನಿಗೆ, ಕೆನಡಾಕ್ಕೆ ಓದಲು ಹೋಗುವ ಮಕ್ಕಳಲ್ಲಿ ಕೆಲವರಾದರೂ ಹಾಸ್ಟೆಲಿನ ಅಡಿಗೆಮನೆಗೆ ಯಾರೂ ಇಲ್ಲದ ಹೊತ್ತು ನೋಡಿ ಹೋಗುತ್ತಾರೆ. ಅವರಿಗೆ ನಾವು ಧೈರ್ಯದ ಉಪದೇಶ ಕೊಡುತ್ತೇವೆ. ಈ ತೊಂದರೆಗೆ ಈಗ ಒಳ್ಳೆಯ ಚಿಕಿತ್ಸೆಯಿದೆ. ಬೇಕಾದವರು ನಾಚದೆ ಪಡೆಯಬೇಕು. ಅದರ ಜೊತೆಗೆ ಓಲ್ಡ್‌ಫೀಲ್ಡ್ ಕೇಳಿದ್ದನ್ನು ಸ್ವಲ್ಪ ತಿರುಗಿಸಿ ನಮ್ಮನ್ನೇ ಕೇಳಿಕೊಳ್ಳಬಹುದು. ನಮ್ಮ ತರಗತಿಯಲ್ಲಿ, ಕಚೇರಿಯ ಮೀಟಿಂಗಿನಲ್ಲಿ ಸುಮ್ಮನೆ ಕೂತವರು ಬೇರೆಲ್ಲಿ, ಯಾರ ಹತ್ತಿರ, ಯಾವ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತಾರೆ?