ಈಗ ಯಾವ ಕಾದಂಬರಿಯನ್ನು ಓದುತ್ತಿದ್ದೀರಿ?



ಓದುವ ಹವ್ಯಾಸವುಳ್ಳ ಇಬ್ಬರು ಹಾದಿಯಲ್ಲಿ ಎದುರಾದರೆ, ಕುಶಲಪ್ರಶ್ನೆ ಮುಗಿಯುವುದಕ್ಕೆ ಮೊದಲೇ ಒಬ್ಬರ ದೃಷ್ಟಿ ಇನ್ನೊಬ್ಬರ ಕಂಕುಳಿನಲ್ಲಿರುವ ಪುಸ್ತಕದ ಕಡೆಗೆ ಹರಿಯುವುದುಂಟು. ‘ಈಗ ಏನನ್ನು ಓದುತ್ತಿದ್ದೀರಿ?’ ಎಂಬುದು ಮೊದಲನೆಯ ಪ್ರಶ್ನೆ. ‘ಮುಗಿದ ಮೇಲೆ ನಮಗೆ ಕೊಡುವಿರಷ್ಟೆ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಂತೋಷದಿಂದ ಉತ್ತರ ಹೇಳುತ್ತೇವೆ. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ ಹೇಳುತ್ತೇವೆ. ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಗ್ರಂಥಕರ್ತರ ಹೆಸರುಗಳೂ ಗ್ರಂಥಗಳ ವರ್ಷಗಳೂ ಸಾಕಷ್ಟು ಉಲ್ಲೇಖಗೊಂಡಿವೆ. ಆದರೆ ಈ ಎರಡು ಪ್ರಶ್ನೆಗಳು ಆ ಚರಿತ್ರೆಯಲ್ಲಿ ಮಾಡಿದ ಕೆಲಸವೆಷ್ಟು, ಕೆಡಿಸಿದ ಕೆಲಸವೆಷ್ಟು ಎಂಬುದನ್ನು ಈ ಸಂಜೆ ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು ಹೆಸರಿನ ಮಾತು. ಬಾಣಭಟ್ಟನ ಸಂಸ್ಕೃತ ಗದ್ಯಕಥೆಯೊಂದರ ನಾಯಿಕೆಯ ಹೆಸರು ಕಾದಂಬರಿ. ಆಕೆಯ ಹೆಸರೇ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ವಂಗದೇಶದವರು ಇದನ್ನೇ ಉಪನ್ಯಾಸವೆಂದು ಕರೆದರು. ನಮ್ಮಲ್ಲಿ ಉಪನ್ಯಾಸವೆಂದರೆ ಸಭೆಯಲ್ಲಿ ನಿಂತು ಮಾತನಾಡುವುದು. ಆದುದರಿಂದ ಈಗ ನಾವು ಮಾಡುತ್ತಿರುವ ಕೆಲಸವನ್ನು ಕಲ್ಕತ್ತೆಯವರೊಬ್ಬರಿಗೆ ಅದೇ ಶಬ್ದದಿಂದ ತಿಳಿಸಿದರೆ ಅವರು ಕಥೆಯನ್ನು ನಿರೀಕ್ಷಿಸಿ ನಿರಾಶರಾದಾರು.

ಅಚ್ಚಿನ ಯಂತ್ರ ಬರುವುದಕ್ಕೆ ಮುಂಚೆ ನಮ್ಮ ದೇಶದಲ್ಲಿ ಒಬ್ಬರ ಗ್ರಂಥವನ್ನು ಇನ್ನೊಬ್ಬರು ಪಡೆಯುವುದೆಂದರೆ ಓಲೆಯ ಮೇಲೆ ಪ್ರತಿಮಾಡಿಕೊಳ್ಳುವುದು. ಪ್ರತಿಮಾಡುವ ಶಕ್ತಿಯಿಲ್ಲದವರು ಕೇಳುತ್ತಿದ್ದರು. ಗದುಗಿನ ಭಾರತವನ್ನಾಗಲಿ ಜೈಮಿನಿಯನ್ನಾಗಲಿ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಜಗುಲಿಯ ತುಂಬ ಜನ ಕುಳಿತು ಕೇಳುವುದು: ಇದು ಕನ್ನಡಿಗರ ಓದಿನ ಕ್ರಮ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಗದ್ಯದಲ್ಲಿ ರಚಿಸಿದನು. ಅದನ್ನು ಕಾದಂಬರಿಯೆಂದು ಕರೆಯಬಹುದೋ ಬಾರದೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ನಮಗೆ ಬೇಕಾದ ವಿಷಯವಿಷ್ಟೆ: ಮುಂದೆ ಅಚ್ಚಾದ ಕಾದಂಬರಿಗಳು ನಮ್ಮ ಮನೆಗಳಿಗೆ ಬಂದಾಗ, ಅವನ್ನು ಎದುರುಗೊಂಡದ್ದು ಏಕಾಂತದಲ್ಲಿ ಕುಳಿತು ಓದುವ ಜನವಲ್ಲ; ಗುಂಪಾಗಿ ಕುಳಿತು ಕೇಳಿ ಅಭ್ಯಾಸವಿದ್ದ ಜನ. ಒಂದು ಪ್ರತಿಗೆ ಒಬ್ಬ ಓದುಗನೆಂಬ ಲೆಕ್ಕ ನಮ್ಮಲ್ಲಿ ಮೊದಲಿನಿಂದಲೂ ಇರಲಿಲ್ಲ.

ಬಿ. ವೆಂಕಟಾಚಾರ್ಯರು (1845–1914) ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಉದ್ಯೋಗದಲ್ಲಿದ್ದವರು. ಅವರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಒಂದಾದಮೇಲೊಂದರಂತೆ ಕನ್ನಡಕ್ಕೆ ತಂದರು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಹುಟ್ಟಿದ್ದು 1865ರಲ್ಲಿ. ಇಪ್ಪತ್ತು ವರ್ಷಗಳ ಅನಂತರ ಅದು ನಮ್ಮ ಭಾಷೆಯಲ್ಲಿ ಮಾತನಾಡಿತು. ಆಚಾರ್ಯರ ಭಾಷೆ ಇಂದಿನವರಿಗೆ ಬಿಗಿಯಾಗಿ ಕಾಣುವುದು ನಿಜ; ಸಂಸ್ಕೃತದ ಸಮಾಸಗಳು ಹೇರಳವಾಗಿವೆ. ಆದರೆ ಜೈಮಿನಿಯನ್ನು ಕೇಳಿ ಬೆಳೆದ ಕಿವಿಗಳಿಗೆ ಅದು ಭಾರವಾಗಲಿಲ್ಲ. ಎತ್ತರದ ದನಿಯಲ್ಲಿ ಓದಿದರೆ ಆ ವಾಕ್ಯಗಳು ತಾವಾಗಿಯೇ ನಡೆಯುತ್ತವೆ. ಸಂದೇಹವಿದ್ದವರು ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಬಹುದು.

ಉತ್ತರದ ಕಡೆ ಸಂದರ್ಭವೇ ಬೇರೆ. ಆಗ ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದುಗಳೆಂದು ಹರಿದು ಹಂಚಿಹೋಗಿದ್ದಿತು, 1956ರವರೆಗೂ ಒಂದಾಗಲಿಲ್ಲ. ಮುಂಬಯಿ ಆಧಿಪತ್ಯದ ಧಾರವಾಡ ಸೀಮೆಯಲ್ಲಿ ವಿದ್ಯಾವಂತರನ್ನು ‘ಏನು ಓದುತ್ತಿದ್ದೀರಿ?’ ಎಂದು ಕೇಳಿದರೆ ಅನೇಕರಿಂದ ಬರುತ್ತಿದ್ದ ಉತ್ತರ ಒಂದು ಮರಾಠಿ ಪುಸ್ತಕದ ಹೆಸರು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಆ ಉತ್ತರವನ್ನು ಬದಲಾಯಿಸಲು ದುಡಿಯಿತು. ಅದನ್ನು ನಿಜವಾಗಿ ಮನೆಮನೆಯಲ್ಲಿ ಬದಲಾಯಿಸಿದವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. 1869ರಲ್ಲಿ ಹುಟ್ಟಿ, ಶಾಲೆಯ ಮಾಸ್ತರರಾಗಿದ್ದವರು. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯೊಡನೆ ಅವರ ಹೆಸರು ಬೆಸೆದುಹೋಗಿದೆ. ಹರಿ ನಾರಾಯಣ ಆಪಟೆಯವರು ವಿಜಯನಗರದ ಪತನವನ್ನು ಕುರಿತು ಮರಾಠಿಯಲ್ಲಿ ಬರೆದ ಕಾದಂಬರಿಯನ್ನು ಗಳಗನಾಥರು ‘ಕನ್ನಡಿಗರ ಕರ್ಮಕಥೆ’ಯೆಂಬ ಹೆಸರಿನಿಂದ ಕನ್ನಡಿಸಿದರು. 1565ರಲ್ಲಿ ಅಳಿದ ತಮ್ಮ ರಾಜ್ಯದ ಕಥೆಯನ್ನು ಕನ್ನಡಿಗರು ಮರಾಠಿಯ ಮೂಲಕ ಮರಳಿ ಪಡೆಯಬೇಕಾಯಿತೆಂಬುದು ವಿಚಿತ್ರವೇ ಸರಿ. ಆದರೂ ಅದನ್ನು ಓದಿದವರು ಅನುವಾದವೆಂದು ಓದಲಿಲ್ಲ, ಮನೆಯ ಹಿರಿಯರ ಸಮಾಚಾರವೆಂದು ಓದಿದರು.

ಗಳಗನಾಥರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರುತ್ತಿದ್ದರೆಂದು ಹಿರಿಯರು ಹೇಳುವುದನ್ನು ತಾವೆಲ್ಲರೂ ಕೇಳಿದ್ದೀರಿ. ಇದನ್ನು ನಾವು ಭಕ್ತಿಯಿಂದ ಹೇಳುತ್ತೇವೆ, ಕೇಳಿ ತಲೆದೂಗುತ್ತೇವೆ. ಆದರೆ ಒಂದು ಕ್ಷಣ ನಿಂತು ವಿಚಾರಮಾಡಿದರೆ ಇದು ನಮಗೆ ಗೌರವ ತರತಕ್ಕ ವೃತ್ತಾಂತವಲ್ಲ. ನಾಡಿನ ತುಂಬ ಓದುಗರನ್ನು ಪಡೆದ ಗ್ರಂಥಕರ್ತನೊಬ್ಬ ಗಂಟು ಹೊತ್ತು ಏಕೆ ಅಲೆಯಬೇಕಾಯಿತು? ಓದುಗರಿದ್ದರು, ಕೊಳ್ಳುವವರಿರಲಿಲ್ಲ. ಊರಿಗೊಂದು ಪ್ರತಿ ಬಂದರೆ ಊರಿಗೆಲ್ಲ ಆಯಿತು. ಒಂದು ಮನೆಯಲ್ಲಿ ಓದಿ ಮುಗಿದದ್ದು ಪಕ್ಕದ ಮನೆಗೆ, ಅಲ್ಲಿಂದ ಬೀಗರ ಮನೆಗೆ, ಮಗಳ ಪೆಟ್ಟಿಗೆಯಲ್ಲಿ ಪರಸ್ಥಳಕ್ಕೆ. ಕನ್ನಡ ಕಾದಂಬರಿಯನ್ನು ಹರಡಿದ್ದೂ ಈ ಔದಾರ್ಯವೇ. ಕನ್ನಡ ಕಾದಂಬರಿಕಾರನನ್ನು ಅರೆಹೊಟ್ಟೆಯಲ್ಲಿರಿಸಿದ್ದೂ ಇದೇ. ಗಳಗನಾಥರು 1942ರಲ್ಲಿ ತೀರಿಕೊಂಡರು.

ಇದೇ ರೋಗ ಇಂಗ್ಲೆಂಡಿನಲ್ಲಿ ಇರಲಿಲ್ಲವೆ ಎಂದು ಕೇಳಬಹುದು. ಇದ್ದಿತು, ಆದರೆ ಅಲ್ಲಿ ವರ್ತಕರೊಬ್ಬರು ಅದನ್ನೇ ವ್ಯಾಪಾರ ಮಾಡಿದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮೂರು ಸಂಪುಟಗಳ ಕಾದಂಬರಿಯೊಂದರ ಬೆಲೆ 31 ಷಿಲಿಂಗು 6 ಪೆನ್ಸು. ಸಾಮಾನ್ಯ ಗೃಹಸ್ಥರು ಕೊಳ್ಳಲಾರದ ಮೊತ್ತ. 1842ರಲ್ಲಿ ಪುಸ್ತಕಗಳನ್ನು ಎರವಲು ಕೊಡಲು ಆರಂಭಿಸಿದ ಮ್ಯೂಡಿ ಎಂಬಾತನು ವರ್ಷಕ್ಕೆ ಒಂದು ಗಿನಿ ಚಂದಾ ಪಡೆದು, ಒಮ್ಮೆಗೆ ಒಂದು ಸಂಪುಟದಂತೆ ಕೊಡುತ್ತಿದ್ದನು. ಒಂದೇ ಕಾದಂಬರಿಯ ಮೂರು ಸಂಪುಟಗಳು ಏಕಕಾಲದಲ್ಲಿ ಮೂರು ಮನೆಗಳಲ್ಲಿರಬಹುದಾಗಿದ್ದಿತು; ನಾಯಿಕೆಯ ವಿವಾಹ ಒಂದು ಮನೆಯಲ್ಲಿ ಮುಗಿದಿದ್ದರೆ ಇನ್ನೊಂದರಲ್ಲಿ ಆಕೆಗೆ ನಾಯಕನ ಪರಿಚಯವೇ ಆಗಿರಲಿಲ್ಲ. ಆದರೆ ಮ್ಯೂಡಿ ನೂರಾರು ಪ್ರತಿಗಳನ್ನು ಹಣಕೊಟ್ಟು ಕೊಳ್ಳುತ್ತಿದ್ದನಾದ್ದರಿಂದ ಪ್ರಕಾಶಕರೂ ಗ್ರಂಥಕರ್ತರೂ ಬದುಕಿದರು. 1894ರಲ್ಲಿ ಇಂಥ ಪುಸ್ತಕಾಲಯಗಳು ಆ ಬೆಲೆಯನ್ನು ಕೊಡಲೊಲ್ಲೆವೆಂದಾಗ ಮೂರು ಸಂಪುಟಗಳ ಪದ್ಧತಿಯೇ ಅಳಿಯಿತು. ನಮ್ಮಲ್ಲಿ ಎರವಲು ಕೊಡತಕ್ಕವರು ವರ್ತಕರಾಗಿರಲಿಲ್ಲ, ಸ್ನೇಹಿತರಾಗಿದ್ದರು. ಸ್ನೇಹಿತರಿಗೆ ಯಾರು ಚಂದಾ ಕೊಟ್ಟಾರು?

ಎರವಲಿನ ಪುಸ್ತಕ ಮಾಡಿದ ಒಂದು ಉಪಕಾರವನ್ನು ಮಾತ್ರ ಮರೆಯಬಾರದು. ಅಂಗಡಿಗೆ ಹೋಗಿ ಪುಸ್ತಕವನ್ನು ಆರಿಸಿ ತರುವ ಸ್ವಾತಂತ್ರ್ಯವಿಲ್ಲದವರ ಕೈಗೂ ಅದು ಮುಟ್ಟಿತು. ನಮ್ಮ ಸ್ತ್ರೀಯರು ಕಾದಂಬರಿಗಳನ್ನು ಓದಿದ್ದು ಬಹುಮಟ್ಟಿಗೆ ಹೀಗೆ, ಸೆರಗಿನ ಮರೆಯಲ್ಲಿ ಕೈಯಿಂದ ಕೈಗೆ. ಕಾದಂಬರಿಗಳಾದರೂ ಅವರ ವಿಷಯವನ್ನೇ ಹೇಳುತ್ತಿದ್ದುವು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ಬಾಲವಿಧವೆಯೊಬ್ಬಳು ವಿದ್ಯೆ ಕಲಿತು, ಮರುಮದುವೆಯಾಗಿ ಬಾಳುತ್ತಾಳೆ. ನಾಲ್ಕು ವರ್ಷಗಳಲ್ಲಿಯೇ ಅದು ಇಂಗ್ಲಿಷಿಗೂ ಹೋಯಿತು. ಅಂಥ ಪುಸ್ತಕವನ್ನು ಓದುತ್ತಿದ್ದೇನೆಂದು ನಾಲ್ವರ ಮುಂದೆ ಒಪ್ಪಿಕೊಳ್ಳುವುದೇ ಆ ದಿವಸಗಳಲ್ಲಿ ಒಂದು ಪಕ್ಷವನ್ನು ವಹಿಸಿದಂತೆ.

ಮೈಸೂರಿಗೆ ಸಮೀಪದ ನಂಜನಗೂಡಿನ ತಿರುಮಲಾಂಬಾ ಅವರ (1887–1982) ವೃತ್ತಾಂತ ಇನ್ನೂ ದೊಡ್ಡದು. ಎಳೆತನದಲ್ಲಿ ಮದುವೆ, ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯ. ಮನೆಯಲ್ಲಿ ತಂದೆಯವರ ಬೆಂಬಲದಿಂದ ಓದಿದರು. ಓದಿ ಸುಮ್ಮನಾಗದೆ ಬರೆದರು. ಬರೆದು ಇತರರ ದಾರಿ ಕಾಯದೆ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅವರ ಕಥೆಗಳಲ್ಲಿ ಉಪದೇಶ ಹೆಚ್ಚೆಂದು ವಿಮರ್ಶಕರು ಆಕ್ಷೇಪಿಸುವುದುಂಟು. ಆಕ್ಷೇಪ ಸುಳ್ಳಲ್ಲ. ಆದರೆ ಬಾಗಿಲ ಹೊರಗೆ ಬರಬಾರದಾಗಿದ್ದ ಒಬ್ಬ ಹೆಂಗಸು ಗ್ರಂಥಕರ್ತೆಯೂ ಪ್ರಕಾಶಕಿಯೂ ಪತ್ರಿಕಾಸಂಪಾದಕಿಯೂ ಆದದ್ದನ್ನು ನೋಡಿದರೆ, ಉಪದೇಶಕ್ಕಿಂತ ಈ ದೃಷ್ಟಾಂತವೇ ಓದುಗಿತ್ತಿಯರಿಗೆ ಹೆಚ್ಚು ಮುಟ್ಟಿರಬೇಕೆಂದು ನಮಗೆ ತೋರುತ್ತದೆ.

ಗ್ರಂಥಮಾಲೆಯೆಂದೆವಷ್ಟೆ. ಸ್ನೇಹದ ಎರವಲಿಗೂ ಗ್ರಂಥಕರ್ತನ ಹೊಟ್ಟೆಗೂ ಸಂಧಾನ ಮಾಡಿಸಿದ್ದು ಈ ಉಪಾಯವೇ. ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ನೆರೆದ ‘ಗೆಳೆಯರ ಗುಂಪು’ ಬರೆದದ್ದನ್ನೂ ಓದಿದ್ದನ್ನೂ ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಕೂಟ. ಅದೇ ಊರಿನಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರೂ ಅವರ ಮಿತ್ರರೂ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಓದುಗರು ಮುಂಗಡವಾಗಿ ವರ್ಷದ ಚಂದಾ ಕೊಟ್ಟು ಸದಸ್ಯರಾಗುವುದು, ವರ್ಷಕ್ಕೆ ಇಂತಿಷ್ಟು ಪುಸ್ತಕಗಳು ಅಂಚೆಯಲ್ಲಿ ಮನೆ ಸೇರುವುದು. ಇದರಿಂದ ಎರಡು ಲಾಭ. ಪುಸ್ತಕ ಅಚ್ಚಾಗುವ ಮೊದಲೇ ಕೊಳ್ಳುವವರು ಸಿದ್ಧ. ಜೊತೆಗೆ, ಬಿಜಾಪುರದ ಸದಸ್ಯರೂ ಬೆಂಗಳೂರಿನ ಸದಸ್ಯರೂ ಒಂದೇ ತಿಂಗಳಲ್ಲಿ ಒಂದೇ ಕಾದಂಬರಿಯನ್ನು ಓದುತ್ತಿರುತ್ತಾರೆ. ಎಲ್ಲಿಯೋ ರೈಲಿನಲ್ಲಿ ಸಂಧಿಸಿದರೆ ಮಾತಿಗೆ ವಸ್ತುವುಂಟು. ಗ್ರಂಥಮಾಲೆಯ ಕಾರ್ಯಸ್ಥಾನವಾದ ‘ಅಟ್ಟ’ವಂತೂ ಸಾಹಿತಿಗಳ ಹರಟೆಗೆ ಮನೆಮಾತಾಯಿತು.

ಅದೇ 1933ರಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’, 1936ರಲ್ಲಿ ಕುವೆಂಪು ಅವರ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’, ಇವುಗಳ ನಡುವೆ ಅ. ನ. ಕೃಷ್ಣರಾಯರ ಮೊದಲ ಕಾದಂಬರಿಗಳು. ವಂಗದೇಶದ ಕಡೆಗೂ ಮಹಾರಾಷ್ಟ್ರದ ಕಡೆಗೂ ನೋಡಬೇಕಾದ ಅಗತ್ಯ ಹೀಗೆ ನಾಲ್ಕೈದು ವರ್ಷಗಳಲ್ಲಿ ತೀರಿತು. ಆಮೇಲಿನದು ತಮಗೆ ತಿಳಿದಿರುವುದೇ: ವಾರಪತ್ರಿಕೆಗಳ ಧಾರಾವಾಹಿಗಳು, ಬಡಾವಣೆಗಳಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು, 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನ. ಆ ಶಾಸನದ ಅನಂತರ ಸರ್ಕಾರವೇ ಪುಸ್ತಕಗಳನ್ನು ಕೊಂಡು ಎರವಲು ಕೊಡುವ ಹೊಣೆಯನ್ನು ವಿಸ್ತಾರವಾಗಿ ಹೊತ್ತಿತೆನ್ನಬಹುದು.

ಇನ್ನು ನಮ್ಮ ಮನೆಯ ಒಂದು ಪುಸ್ತಕದ ವಿಷಯ. ವೆಂಕಟಾಚಾರ್ಯರ ‘ವಿಷವೃಕ್ಷ’ದ ಹಳೆಯ ಪ್ರತಿಯೊಂದು ನಮ್ಮಲ್ಲಿದ್ದಿತು. ಅದರ ಮೊದಲ ಹಾಳೆಯಲ್ಲಿ ಐದು ಬೇರೆಬೇರೆ ಕೈಬರಹಗಳು: ಇಂಥವರದು, ಓದಿ ಹಿಂದಿರುಗಿಸುವುದು, ಪುಟಗಳನ್ನು ಮಡಿಸಬಾರದು, ಎಣ್ಣೆಯ ಕೈಯಲ್ಲಿ ಮುಟ್ಟಬಾರದು. ಐವರಲ್ಲಿ ಯಾರೂ ನಮ್ಮ ಮನೆಯವರಲ್ಲವೆಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳುತ್ತೇವೆ. ಪುಸ್ತಕದ ಕೊನೆಯ ಕೆಲವು ಹಾಳೆಗಳು ಹರಿದುಹೋಗಿದ್ದುವು. ನಗೇಂದ್ರನು ಕುಂದನಂದಿನಿಯೆಂಬ ಎಳೆಯ ವಿಧವೆಯನ್ನು ಮದುವೆಯಾಗುತ್ತಾನೆ. ಹಿರಿಯ ಹೆಂಡತಿ ಸೂರ್ಯಮುಖಿ ಮನೆಬಿಟ್ಟು ಹೋಗಿ, ಕಷ್ಟಪಟ್ಟು, ಕಡೆಗೆ ಹಿಂದಿರುಗುತ್ತಾಳೆ. ಮುಂದೇನಾಯಿತೆಂದು ತಿಳಿಯಲು ನಮಗೆ ಪುಸ್ತಕದಲ್ಲಿ ದಾರಿಯಿರಲಿಲ್ಲ.

ಮನೆಯಲ್ಲಿ ನಮ್ಮ ಸೋದರತ್ತೆಯವರಿದ್ದರು. ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆ ಪುಸ್ತಕ ಇಡಿಯಾಗಿದ್ದಾಗ ಯಾರೋ ಓದಿದ್ದನ್ನು ಹಿತ್ತಲ ಜಗುಲಿಯಲ್ಲಿ ಕುಳಿತು ಕೇಳಿದ್ದರಂತೆ. ‘ಅತ್ತೇ, ಕುಂದ ಏನಾದಳು?’ ಎಂದು ಕೇಳಿದೆವು. ಅವರು ಅವರೆಕಾಯಿ ಬಿಡಿಸುತ್ತ, ‘ಆಗುವುದೇನು, ತನ್ನ ಊರಿಗೆ ಹೋದಳು. ಅಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡು, ಹುಡುಗಿಯರಿಗೆ ಹಸೆ ಹಾಡು ಹೇಳಿಕೊಡುತ್ತ ಚೆನ್ನಾಗಿದ್ದಳು’ ಎಂದರು. ಅದನ್ನೇ ಎಷ್ಟೋ ವರ್ಷ ನಂಬಿದ್ದೆವು. ಸ್ನೇಹಿತರು ಕೇಳಿದಾಗ ನಾವೂ ಹಾಗೆಯೇ ಹೇಳಿದೆವು.

ಅತ್ತೆಯವರು ತೀರಿಕೊಂಡು ಬಹುಕಾಲವಾದ ಮೇಲೆ ಇಡಿಯಾದ ಪ್ರತಿಯೊಂದು ನಮಗೆ ಸಿಕ್ಕಿತು, ಅದೂ ಎರವಲೇ. ಕೊನೆಯ ಅಧ್ಯಾಯಗಳಲ್ಲಿ ಕುಂದನಂದಿನಿ ವಿಷ ಕುಡಿದು ಸಾಯುತ್ತಾಳೆ.