ಪದ ಪರಿಚಯ: ಹಂಚಿಕೆ

ಹಳಗನ್ನಡದ ‘ಪಂಚು’ ಮುಂದೆ ‘ಹಂಚು’ ಆಯಿತು. ಅದರಿಂದ ಬಂದ ನಾಮಪದ ‘ಹಂಚಿಕೆ’. ಉಪಾಯ ಎಂಬ ಅರ್ಥವೂ ಅದಕ್ಕುಂಟು. ಬೆಂಗಳೂರಿನ ಪೀಣ್ಯ, ವೈಟ್‌ಫೀಲ್ಡ್‌ಗಳಲ್ಲಿ ಕೈಗಾರಿಕಾ ನಿವೇಶನದ ‘ಹಂಚಿಕೆ ಪತ್ರ’ ಎಂದರೆ ಷರತ್ತುಬದ್ಧ ಹಕ್ಕು: ಪಡೆದವರು ಹೇಳಿದ ಉದ್ದೇಶಕ್ಕೇ ಬಳಸಬೇಕು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ನೆಚ್ಚಿಕೊಂಡಿರುವ, ಅಂತರ್ಜಾಲದಲ್ಲಿ ಸಾಧನಗಳನ್ನು ಗುರುತಿಸುವ ಐಪಿ ವಿಳಾಸಗಳಿಗೂ ‘ಮಾರಾಟ’ಕ್ಕಿಂತ ಈ ಪದವೇ ಸರಿ. ಅವುಗಳ ಹಳೆಯ ಮಾದರಿಯಾದ ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿ 3ರಂದೇ ಬರಿದಾಯಿತು. ಭಾರತದಲ್ಲಿ ಐಆರ್‌ಐಎನ್‌ಎನ್ ಎಂಬ ಸಂಸ್ಥೆ ಐಪಿ ವಿಳಾಸಗಳನ್ನು ಹಂಚುತ್ತದೆ. ಅದರ ಮೇಲಿನ ಪ್ರಾದೇಶಿಕ ಸಂಸ್ಥೆ ಏಪಿನಿಕ್, 2019ರಿಂದ ಹೊಸ ಸದಸ್ಯರಿಗೆ ಗರಿಷ್ಠ 512 ವಿಳಾಸಗಳ ಮಿತಿ ಹಾಕಿತು. ತನ್ನ ಕೊನೆಯ ದಾಸ್ತಾನಿನಿಂದ ಪಡೆದದ್ದನ್ನು 5 ವರ್ಷ ವರ್ಗಾಯಿಸುವಂತಿಲ್ಲ ಎಂದೂ ವಿಧಿಸಿತು.

ಬೆಲೆಗೆ ಬಿಟ್ಟರೆ ಸುಮ್ಮನೆ ಬಿದ್ದಿರುವ ವಿಳಾಸಗಳು ತಾವಾಗಿ ಬಳಕೆಗೆ ಬರುತ್ತವೆ ಎಂಬ ವಾದದಲ್ಲಿ ಹುರುಳಿದೆ. ವರ್ಗಾವಣೆಯನ್ನು ಪೂರ್ತಿ ನಿಷೇಧಿಸಿದರೆ ಅದು ಕದ್ದುಮುಚ್ಚಿ ನಡೆಯುತ್ತದೆ, ನೋಂದಣಿ ಪುಸ್ತಕ ಸುಳ್ಳಾಗುತ್ತದೆ. ಆದರೆ ಬೆಲೆಯೊಂದೇ ಅಳತೆಯಾದರೆ ಕೂಡಿಟ್ಟವರು ಗೆಲ್ಲುತ್ತಾರೆ, ನಿನ್ನೆ ಶುರುವಾದ ಸಣ್ಣ ಸೇವಾದಾರ ಸೋಲುತ್ತಾನೆ. ಆದ್ದರಿಂದ ವರ್ಗಾವಣೆ ಇರಲಿ, ಕೊಳ್ಳುವವರು ಅಗತ್ಯವನ್ನು ತೋರಿಸಲೇಬೇಕು. ಹೊಸ ಮಾದರಿ ಐಪಿವಿ6 ಬಂದಿದೆಯಲ್ಲ ಎನ್ನಬಹುದು. ಆದರೆ ಹಳೆಯ ಜಾಲತಾಣಗಳು ಐಪಿವಿ4ನಲ್ಲೇ ಉಳಿದಿರುವವರೆಗೆ ಹೊಸಬರಿಗೆ ಎರಡೂ ಬೇಕು.